ಬಾಗಿಲ ಕೆಳಗಿನ ಸಂದಿ

ಫೆಬ್ರವರಿ 3

ಸೊಸೆಗೆ,

ಫೋನಿನಲ್ಲಾದರೆ ನಾನು ಎರಡು ಮಾತು ಆಡುವಷ್ಟರಲ್ಲಿ ನೀನು ಕಟ್ ಮಾಡುತ್ತೀಯ. ಕಾಗದವನ್ನು ಕಟ್ ಮಾಡುವುದಕ್ಕಾಗುವುದಿಲ್ಲ. ಹರಿದು ಹಾಕಬಹುದು, ಆದರೆ ಹರಿಯುವ ಮೊದಲು ಓದಿಯೇ ಓದುತ್ತೀಯ ಅಂತ ನನಗೆ ಗೊತ್ತು. ಅದಕ್ಕೇ ಬರೆಯಲು ಕೂತಿದ್ದೇನೆ.

ಅಕ್ಕನ ಮನೆಗೆ ಹೊರಟಾಗ, ಅವಳ ಟೈಲರಿಂಗ್ ಅಂಗಡಿಯಲ್ಲಿ ಕೆಲಸ ಜಾಸ್ತಿ ಇದೆ ಅಂದೆ. ಬೀದಿಯವರಿಗೆಲ್ಲ ನಾನೂ ಅದನ್ನೇ ಹೇಳಿಕೊಂಡು ತಿರುಗುತ್ತಿದ್ದೇನೆ. ಆದರೆ ಗೇಟು ದಾಟುವಾಗ ನಿನ್ನ ಗಂಡನ ಹತ್ತಿರ ಹೇಳಿದ್ದು ನನ್ನ ಕಿವಿಗೆ ಬಿದ್ದಿದೆ. "ಕೋಳಿಗೆ ಸರಿಯಾದ ಗೂಡು ಆಗೋವರೆಗೂ ನಾನು ಈ ಮನೆಗೆ ಕಾಲಿಡಲ್ಲ." ಗಂಡ ಕುಡಿದ ಅಂತ ಮನೆ ಬಿಟ್ಟವರನ್ನು ನೋಡಿದ್ದೇನೆ, ಹೊಡೆದ ಅಂತ ಬಿಟ್ಟವರನ್ನು ನೋಡಿದ್ದೇನೆ. ಕೋಳಿಗೂಡಿಗಾಗಿ ಮನೆ ಬಿಟ್ಟವಳನ್ನು ಈ ಐವತ್ತು ವರ್ಷದಲ್ಲಿ ನಿನ್ನೊಬ್ಬಳನ್ನೇ ನೋಡಿದ್ದು.

ಮುಂಗುಸಿ ನುಗ್ಗಿದ ಆ ಸಂಜೆ ಉಳಿದುಕೊಂಡ ಮೂರು ಕೋಳಿಗಳೂ ಈಗ ನಮ್ಮ ಬಚ್ಚಲುಮನೆಯಲ್ಲಿವೆ. ಕುಂಟಿ ಬಕೆಟ್ಟಿನ ಹಿಂದೆ ಮೊಟ್ಟೆ ಇಡುತ್ತದೆ. ಬೋಳುಕತ್ತು ಸೋಪು ಕುಕ್ಕಿ ತಿಂದಿದೆ. ನೀನು ಟೀಚರಮ್ಮ ಅಂತ ಕರೆಯುವ ಕೋಳಿ ಕಿಟಕಿಕಟ್ಟೆಯ ಮೇಲೆ ನಿಂತು, ನಾನು ಸ್ನಾನ ಮಾಡುವುದನ್ನು ತಪ್ಪು ಹುಡುಕುವವರ ಹಾಗೆ ಕತ್ತು ಓರೆ ಮಾಡಿ ನೋಡುತ್ತದೆ. ಮೈ ತೊಳೆದುಕೊಂಡು ದೇವರ ಮುಂದೆ ಕೂರಬೇಕಾದವಳು ನಾನು. ತೊಳೆದುಕೊಂಡಷ್ಟೂ ಪುಕ್ಕ ಅಂಟುತ್ತದೆ.

ನಿನ್ನ ಗಂಡ ಊರಿಗೆಲ್ಲ ಗೇಟು, ಗ್ರಿಲ್ಲು ಮಾಡಿಕೊಡುವ ವೆಲ್ಡರು. ನಿನ್ನ ಮಾವ ಊರಿನ ಗೋದಾಮು ಕಾಯುವ ವಾಚ್‌ಮನ್ನು. ಇಂಥ ಇಬ್ಬರು ಗಂಡಸರಿರುವ ಮನೆಯ ಕೋಳಿಗೂಡಿಗೆ ಗೋಣಿಚೀಲದ ಬಾಗಿಲು! ಮುಂಗುಸಿ ನಕ್ಕುಕೊಂಡೇ ಒಳಗೆ ಬಂದಿರಬೇಕು. ಈಗ ಮಗ "ನಾನೇ ಮಾಡ್ತೀನಿ, ಈ ಭಾನುವಾರ" ಅನ್ನುತ್ತಿದ್ದಾನೆ. ಅವನ ಭಾನುವಾರ ಯಾವ ವರ್ಷದ್ದು ಅಂತ ನಿನಗೇ ಗೊತ್ತು.

ಕೋಳಿಗೆ ಜೋಳ ಒಡೆದು ಹಾಕಬೇಕೋ ಹಾಗೇ ಹಾಕಬೇಕೋ, ಅದನ್ನಾದರೂ ತಿಳಿಸು.

ನಿನ್ನ ಅತ್ತೆ

*

ಫೆಬ್ರವರಿ 11

ಅತ್ತೆಯವರಿಗೆ ನಮಸ್ಕಾರ.

ಹರಿಯಲಿಲ್ಲ, ಓದಿದೆ. ಜೋಳ ಒಡೆದೇ ಹಾಕಿ. ಸೋಪನ್ನು ಮೇಲೆ ಇಡಿ.

ಗೋಣಿಚೀಲಕ್ಕೆ ಸಿಟ್ಟಾಗಿ ಬಂದಿದ್ದೇನೆ ಅಂತ ನೀವು ಬೀದಿಯವರಿಗೆ ಹೇಳುವುದಿಲ್ಲ, ಸಂತೋಷ. ನಿಮಗೆ ನೀವೇ ಹಾಗೆ ಹೇಳಿಕೊಳ್ಳಲೂ ಬೇಡಿ. ಆ ಸಂಜೆ ನಾನು ಹೊಲಿದ ಬಟ್ಟೆ ಕೊಡಲು ಗಿರಾಕಿಯ ಮನೆಗೆ ಹೋಗಿದ್ದೆ. ನಿಮ್ಮ ಮಗ ವರ್ಕ್‌ಶಾಪಿನಲ್ಲಿದ್ದರು, ಮಾವ ಡ್ಯೂಟಿಯಲ್ಲಿದ್ದರು. ಮನೆಯಲ್ಲಿ ಇದ್ದವರು ನೀವು. ಗೂಡಿಗೂ ನಿಮ್ಮ ಪ್ರಾರ್ಥನೆ ಕೋಣೆಗೂ ನಡುವೆ ಒಂದೇ ಗೋಡೆ. ಕೋಳಿಗಳು ಕೂಗಿಕೊಂಡಿದ್ದು ಆಚೆ ಬೀದಿಯ ಬೇಕರಿಯವನಿಗೆ ಕೇಳಿಸಿದೆ. ನೀವು ಪ್ರಾರ್ಥನೆ ಪೂರ್ತಿ ಮುಗಿಸಿ, ಆಮೇಲೆ ಹೋಗಿ ನೋಡಿದಿರಿ.

ಮದುವೆಯಾದ ಹೊಸದರಲ್ಲಿ ಒಂದು ಸಂಜೆ ಮಳೆಯಲ್ಲಿ ಬಟ್ಟೆಯ ಗಂಟು ಎದೆಗವಚಿಕೊಂಡು ಬಾಗಿಲು ತಟ್ಟುತ್ತಾ ನಿಂತಿದ್ದೆ. ನೀವು ಒಳಗಿಂದ ದನಿ ಒಂಚೂರು ಏರಿಸಿದಿರಿ, ನನ್ನ ತಟ್ಟುವಿಕೆ ಕೇಳಿಸದಿರಲಿ ಅಂತ. ಗಿರಾಕಿಯ ಬಟ್ಟೆಯ ಬಣ್ಣವೆಲ್ಲ ಇಳಿದುಹೋಯಿತು. ಅವತ್ತು ನಾನು ಏನೂ ಅನ್ನಲಿಲ್ಲ. ಮನುಷ್ಯರಾದರೆ ಕಾಯಬಹುದು, ಅತ್ತೆ. ಆ ಕೋಳಿಗಳನ್ನು ನಾನು ಹೊಲಿಗೆ ಮೆಷಿನ್ನಿನ ಕೆಳಗೆ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಪೆಡಲು ತುಳಿಯುವ ಕಾಲು ಅವಕ್ಕೆ ತಾಗದ ಹಾಗೆ ನೋಡಿಕೊಂಡು ಸಾಕಿದ್ದೆ.

ನಿಮ್ಮನ್ನು ಏಳಿ ಅಂತ ನಾನು ಹೇಳುವುದಿಲ್ಲ. ಯಾರೂ ಏಳಬೇಕಾಗಿಲ್ಲದಂಥ ಗೂಡು ಕಟ್ಟಿಸಿ. ಅದಾದ ದಿನ ಬರುತ್ತೇನೆ.

ನಿಮ್ಮ ಸೊಸೆ

*

ಫೆಬ್ರವರಿ 24

ಸೊಸೆಗೆ,

ದೇವರ ಮುಂದೆ ಕೂತವಳು ನಡುವೆ ಏಳುವುದಿಲ್ಲ. ಇದು ನನಗೆ ನನ್ನ ಅಮ್ಮ ಕಲಿಸಿದ್ದು. ಹಾಲು ಉಕ್ಕಿ ಒಲೆ ಆರಿದಾಗಲೂ ಎದ್ದಿಲ್ಲ. ನಿನ್ನ ಗಂಡ ತೊಟ್ಟಿಲಲ್ಲಿ ಕಿರುಚಿಕೊಂಡಾಗಲೂ ಎದ್ದಿಲ್ಲ. ಅವನು ಬದುಕಿಲ್ಲವೇ, ಮೂರು ಹೊತ್ತು ಉಣ್ಣುತ್ತಿಲ್ಲವೇ? ಆ ಮಾತನ್ನು ಇಲ್ಲಿಗೆ ಬಿಡು.

ಗೂಡಿನ ವಿಷಯಕ್ಕೆ ಬರುತ್ತೇನೆ. ಆಶ್ಚರ್ಯ ಏನೆಂದರೆ, ಭಾನುವಾರ ಬಂತು. ನಾಲ್ಕು ಜನ ಹೊತ್ತು ತಂದರು. ಹೊರಗೆ ಬಂದು ನೋಡಿದೆ. ಕೋಳಿಗೂಡಲ್ಲವದು, ಜೈಲು. ಹೆಬ್ಬೆರಳು ದಪ್ಪದ ಕಬ್ಬಿಣದ ಸರಳು, ಮೇಲೆ ಸಾಲಾಗಿ ಭರ್ಜಿಯ ಮೊನೆ, ಮುಂದೆ ಮುಷ್ಟಿಗಾತ್ರದ ಬೀಗ.

"ಅಮ್ಮಾ, ನೋಡು. ಆನೆ ಬಂದು ಗುದ್ದಿದ್ರೂ ಅಲ್ಲಾಡಲ್ಲ" ಅಂದ ನಿನ್ನ ಗಂಡ.

"ಆನೆ ಕೋಳಿ ತಿನ್ನಲ್ವೋ."

"ಭರ್ಜಿ ಹಾಕಿದೀನಿ. ಯಾವ ಕಳ್ಳನೂ ಹತ್ತಲ್ಲ."

"ಮೊಳಕಾಲುದ್ದದ ಗೂಡನ್ನ ಯಾವ ಕಳ್ಳ ಹತ್ತುತ್ತಾನೋ? ದಾಟಿಕೊಂಡು ಹೋಗ್ತಾನೆ."

ನಿನ್ನ ಮಾವ ಬೇರೆ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬೀಗವನ್ನು ಎರಡು ಸಲ ಎಳೆದು ನೋಡಿ, "ನಮ್ಮ ಗೋದಾಮಿಗೂ ಇಂಥದ್ದಿಲ್ಲ" ಅಂತ ಮೆಚ್ಚಿ, ಬೀಗದ ಕೈ ಜೇಬಿಗೆ ಹಾಕಿಕೊಂಡು ಡ್ಯೂಟಿಗೆ ಹೊರಟುಹೋದರು. ಕೋಳಿಗಳು ಹೊರಗೆ, ಬೀಗದ ಕೈ ಗೋದಾಮಿನಲ್ಲಿ.

ಮಾರನೆಯ ದಿನ ಮಧ್ಯಾಹ್ನ ಬಟ್ಟೆ ಒಣಗಿಸುತ್ತಿದ್ದೆ. ಗೋಡೆಯ ಬದಿಯಿಂದ ಮುಂಗುಸಿ ಬಂತು. ಓಡಲಿಲ್ಲ, ಅಂಜಲಿಲ್ಲ. ಸರಳುಗಳ ನಡುವೆ, ಮದುವೆಮನೆಗೆ ಬಂದ ನೆಂಟರ ಹಾಗೆ ಸರಾಗವಾಗಿ ಒಳಗೆ ಹೋಗಿ, ಕಾಳಿನ ತಟ್ಟೆ ಮೂಸಿ, ಆ ಕಡೆಯಿಂದ ಹೊರಗೆ ಬಂತು. ಪುಣ್ಯಕ್ಕೆ ಕೋಳಿಗಳು ಮೂರೂ ಮನೆಯ ಮಾಡಿನ ಮೇಲಿದ್ದವು. ನಾನು ಒದ್ದೆ ಟವೆಲ್ಲು ಎಸೆದೆ. ಅದು ಭರ್ಜಿಗೆ ಸಿಕ್ಕಿ ಹರಿಯಿತು. ಆ ಭರ್ಜಿಗೆ ಇಲ್ಲಿಯವರೆಗೆ ಸಿಕ್ಕಿಬಿದ್ದಿರುವುದು ನನ್ನ ಟವೆಲ್ಲೊಂದೇ.

ಕೋಳಿಗಳು ಮತ್ತೆ ಬಚ್ಚಲುಮನೆಗೆ. ಏನು ಮಾಡಬೇಕು ಅಂತ ನೀನೇ ಹೇಳು. ಇವರಿಬ್ಬರ ಬುದ್ಧಿ ಇಷ್ಟೇ.

ಅತ್ತೆ

*

ಮಾರ್ಚ್ 4

ಅತ್ತೆಯವರಿಗೆ,

ಪತ್ರ ಓದಿ ಅಕ್ಕ ನಕ್ಕಳು. ನನಗೆ ನಗು ಬರಲಿಲ್ಲ.

ಇವರಿಬ್ಬರೂ ಮನುಷ್ಯರನ್ನು ತಡೆಯುವುದು ಮಾತ್ರ ಕಲಿತಿದ್ದಾರೆ. ಮುಂಗುಸಿಗೆ ಬೀಗ ಒಡೆಯುವ ಅಭ್ಯಾಸ ಇಲ್ಲ, ಸಂದಿ ಹುಡುಕುವ ಅಭ್ಯಾಸ ಇದೆ. ಅದರ ತಲೆ ತೂರಿದರೆ ಮೈ ತೂರಿದ ಹಾಗೆ. ಸರಳು ಇರಲಿ, ಅದರ ಮೇಲೆ ಸಣ್ಣ ಕಣ್ಣಿನ ವೆಲ್ಡ್ ಜಾಲರಿ ಹಾಕಿ. ನಿಮ್ಮ ಕಿರುಬೆರಳು ಜಾಲರಿಯ ಕಣ್ಣಿನೊಳಗೆ ಹೋಗಬಾರದು. ಅಂಗಡಿಯವನು ಕೋಳಿ ಜಾಲರಿ ಅಂತ ತೆಳ್ಳಗಿನದು ಕೊಡುತ್ತಾನೆ, ಬೇಡ. ಅದು ಕೋಳಿ ಹೊರಗೆ ಹೋಗದಿರಲು, ಬೇರೆಯದು ಒಳಗೆ ಬರದಿರಲು ಅಲ್ಲ.

ಅಳತೆ ಮಾತಿನಲ್ಲಿ ಹೇಳಿದರೆ ಇವರಿಗೆ ತಿಳಿಯುವುದಿಲ್ಲ. ಅದಕ್ಕೆ ಹಳೇ ಪೇಪರಿನಲ್ಲಿ ಕಟಿಂಗ್ ಮಾಡಿ ಇದರ ಜೊತೆ ಇಟ್ಟಿದ್ದೇನೆ. ಬಟ್ಟೆಗೆ ಮಾಡುವ ಹಾಗೆಯೇ: ಇದು ಮುಂಭಾಗ, ಇದು ಬೆನ್ನು, ಇವೆರಡು ಪಕ್ಕ. ಜಾಲರಿಯ ಮೇಲೆ ಹಾಸಿ ಕತ್ತರಿಸಿ. ಕೆಳಗಡೆ ಒಂದು ಮೊಳ ಹೆಚ್ಚಿಗೆ ಬಿಟ್ಟಿದ್ದೇನೆ. ಅದು ಅಂಚು. ಮಡಚಿ ಮಣ್ಣಿನಲ್ಲಿ ಹೂತು ಮೇಲೆ ಕಲ್ಲು ಹೇರಿ, ಬಿಲ ತೋಡಿಕೊಂಡು ಬರುವುದನ್ನು ತಡೆಯುತ್ತದೆ. ಎರಡು ತುಂಡು ಸೇರುವಲ್ಲಿ ತಂತಿಯಲ್ಲಿ ಹೊಲಿಯಿರಿ, ಒತ್ತೊತ್ತಾಗಿ.

ಒಂದು ಮಾತು ಕೇಳಬೇಕಿತ್ತು. ಬಾಗಿಲ ಕೆಳಗೆ ಎಷ್ಟು ಸಂದಿ ಇದೆ?

ನಿಮ್ಮ ಸೊಸೆ

*

ಮಾರ್ಚ್ 21

ಸೊಸೆಗೆ,

ಪೇಪರ್ ಕಟಿಂಗ್ ಬಿಚ್ಚಿ ಅಂಗಳದಲ್ಲಿ ಹರಡಿದೆವು. ನಿನ್ನ ಮಾವ ಬೆನ್ನಿನ ತುಂಡಿನ ಮೇಲೆ ಕೂತು ಅದರಲ್ಲಿದ್ದ ಹಳೇ ಸುದ್ದಿ ಓದಲು ಶುರು ಮಾಡಿದರು. "ಏಳ್ರೀ, ಅದು ಗೂಡಿನ ಬೆನ್ನು" ಅಂದರೆ, "ಇರು, ಈ ಕಳ್ಳ ಸಿಕ್ಕಿದನಾ ಇಲ್ವಾ ನೋಡ್ತೀನಿ" ಅಂದರು.

ಮಗನಿಗೆ ಸರಳು ಬೆಸೆಯುವುದು ಬಿಟ್ಟರೆ ಬೇರೆ ಬಾರದು. ಜಾಲರಿಗೆ ವೆಲ್ಡಿಂಗ್ ಹಿಡಿದ, ಅದು ತೂತು ಬಿತ್ತು. ತಡೆಯಲಿಕ್ಕೆ ಹೋಗಿ ತೂತು ಮಾಡುವ ಕಸುಬು ಸಾಕು ಅಂತ ಅವನನ್ನು ಎಬ್ಬಿಸಿ ಕಳಿಸಿ ನಾನೇ ಕೂತೆ. ತಂತಿಯಲ್ಲಿ ಹೊಲಿದೆ. ನಿನ್ನಷ್ಟು ನೇರ ಇಲ್ಲ, ಆದರೆ ಒತ್ತಾಗಿದೆ. ಬೆರಳ ತುದಿಗಳೆಲ್ಲ ಚುಚ್ಚಿ ಗಾಯ. ಪ್ರಾರ್ಥನೆಗೆ ಕೈ ಜೋಡಿಸಿದರೆ ಉರಿಯುತ್ತದೆ. ಅಂಚನ್ನು ಮಡಚಿ ಹೂತಿದ್ದೇನೆ, ಕಲ್ಲು ಹೇರಿದ್ದೇನೆ. ಮಾಡಿಗೆ ತಗಡು ಹಾಕಿದೆವು, ಗಾಳಿಗೆ ಮೇಲುಗಡೆ ಜಾಲರಿಯ ಪಟ್ಟಿ ಬಿಟ್ಟೆವು. ಒಳಗೆ ಕೂರಲು ಅಡ್ಡಕೋಲು ಕಟ್ಟಿದೆವು.

ಕೋಳಿಗಳನ್ನು ಒಳಗೆ ಬಿಟ್ಟಾಗ ಟೀಚರಮ್ಮ ಒಂದೊಂದು ಮೂಲೆಯನ್ನೂ ನಿಂತು ನೋಡಿತು. ಬೋಳುಕತ್ತು ನೇರ ಹೋಗಿ ಅಡ್ಡಕೋಲಿನ ಮೇಲೆ ಕೂತು ನಿದ್ದೆ ಹೋಯಿತು. ಬಚ್ಚಲು ಉಜ್ಜಿ ಉಜ್ಜಿ ನನ್ನ ಸೊಂಟ ಬಿದ್ದುಹೋಗಿದೆ.

ಗೂಡು ಆಯಿತು. ನೀನು ಹೇಳಿದ ಮಾತು ನಿನಗೆ ನೆನಪಿದೆ ಅಂದುಕೊಳ್ಳುತ್ತೇನೆ. ನಿನ್ನ ಗಂಡ ದಿನಾ ಸಂಜೆ ಬಂದು ನಿನ್ನ ಮೆಷಿನ್ನಿನ ಮೇಲಿನ ಬಟ್ಟೆ ಸರಿಸಿ, ಧೂಳು ಒರೆಸಿ, ಮತ್ತೆ ಮುಚ್ಚುತ್ತಾನೆ.

ಅತ್ತೆ

*

ಏಪ್ರಿಲ್ 2

ಸೊಸೆಗೆ,

ನೀನು ಉತ್ತರ ಬರೆಯುವ ಮೊದಲೇ ನಾನು ಬರೆಯಬೇಕಾಗಿದೆ. ಬೋಳುಕತ್ತು ಹೋಯಿತು.

ನಿನ್ನೆ ಹಗಲು ನಾವು ಒಂದು ಮದುವೆಗೆ ಹೋಗಿದ್ದೆವು. ಕೋಳಿಗಳನ್ನು ಒಳಗೆ ಹಾಕಿ ಬಾಗಿಲು ಹಾಕಿಯೇ ಹೋದದ್ದು. ಬಂದು ನೋಡಿದರೆ ಗೂಡಿನ ಹಿಂಬದಿಯ ಬುಡದಲ್ಲಿ ಬಿಲ. ಜಾಲರಿಯ ಬುಡಕ್ಕೇ ತೋಡಿ, ಕೆಳಗೆ ನುಸುಳಿ, ಅಂಚಿನ ಆಚೆ ಗೂಡಿನ ಒಳಗೇ ಎದ್ದಿದೆ. ಬಿಲದ ಬಾಯಲ್ಲಿ ಪುಕ್ಕ. ಉಳಿದೆರಡು ಅಡ್ಡಕೋಲಿನ ಮೇಲೆ ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು.

ನೀನು ಅಂಚು ಅಂದೆ. ಹೂಳು ಅಂದೆ. ಹೂತೆ. ಮತ್ತೇನು ಮಾಡಬೇಕಿತ್ತು? ಲಂಗದ ಅಂಚನ್ನು ಮಡಚುವ ಹಾಗೆ ಅಂದವಾಗಿ ಒಳಕ್ಕೆ ಮಡಚಿ, ಒಂದು ಸುಕ್ಕಿಲ್ಲದ ಹಾಗೆ ಹೂತಿದ್ದೆ. ಇನ್ನು ಈ ಮುಂಗುಸಿಯನ್ನೇ ಕೂರಿಸಿ, ಎಲ್ಲಿಂದ ಬರುತ್ತೀಯಪ್ಪ ಅಂತ ಕೇಳಿ ಕಟ್ಟಬೇಕಷ್ಟೆ.

ಬೋಳುಕತ್ತಿಗೆ ನಾನು ಸೋಪಿನ ವಿಷಯಕ್ಕೆ ತುಂಬಾ ಬೈದಿದ್ದೆ.

ಅತ್ತೆ

*

ಏಪ್ರಿಲ್ 9

ಅತ್ತೆಯವರಿಗೆ,

ಬಟ್ಟೆಯ ಅಂಚನ್ನು ಒಳಕ್ಕೆ ಮಡಚುತ್ತೇವೆ, ಯಾಕೆಂದರೆ ಒರಟು ಭಾಗ ಹೊರಗೆ ಕಾಣಬಾರದು. ಗೂಡಿನ ಅಂಚನ್ನು ಹೊರಕ್ಕೆ ಮಡಚಬೇಕು. ತೋಡುವ ಪ್ರಾಣಿ ಗೋಡೆಯ ಬುಡಕ್ಕೇ ಬಂದು ಉಗುರು ಹಾಕುತ್ತದೆ. ಹೊರಕ್ಕೆ ಹಾಸಿದ ಜಾಲರಿ ಕಾಲ ಕೆಳಗೇ ಸಿಕ್ಕುತ್ತದೆ. ಒಂದು ಮೊಳ ಹಿಂದಕ್ಕೆ ಸರಿದು ತೋಡಬೇಕು ಅಂತ ಅದಕ್ಕೆ ಹೊಳೆಯುವುದಿಲ್ಲ. ಇದನ್ನು ನಾನು ಬರೆಯಬೇಕಿತ್ತು. ಅಂಚು ಅಂದರೆ ಸಾಕು, ತಿಳಿಯುತ್ತದೆ ಅಂದುಕೊಂಡೆ. ನಿಮ್ಮ ಕೈಗೆ ತಿಳಿದದ್ದೇ ನೀವು ಮಾಡಿದ್ದೀರಿ. ಬೋಳುಕತ್ತಿನ ವಿಷಯದಲ್ಲಿ ನಿಮ್ಮನ್ನು ಏನೂ ಅನ್ನುವ ಹಾಗಿಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು.

ಅಕ್ಕ ಅಂಗಡಿಯಲ್ಲಿ ಎರಡನೇ ಮೆಷಿನ್ನು ಹಾಕಿಸುತ್ತಿದ್ದಾಳೆ. "ನೀನು ಇಲ್ಲೇ ಇರು, ಗಂಡನನ್ನೂ ಕರೆಸಿಕೋ, ಇಲ್ಲೂ ಗೇಟುಗಳಿವೆ" ಅನ್ನುತ್ತಾಳೆ. ಈ ತಿಂಗಳು ಕಳೆಯುವುದರೊಳಗೆ ಹೇಳಬೇಕಂತೆ. ನಿಮ್ಮ ಮಗನಿಗೂ ತಿಳಿಸಿಲ್ಲ, ನಿಮಗೇ ಮೊದಲು ಬರೆಯುತ್ತಿದ್ದೇನೆ. ಬೇಡ ಅನ್ನಲು ನನ್ನ ಹತ್ತಿರ ಕಾರಣ ಕಡಿಮೆಯಾಗುತ್ತಿದೆ.

ಬಾಗಿಲ ಕೆಳಗೆ ಎಷ್ಟು ಸಂದಿ ಇದೆ ಅಂತ ಕೇಳಿದ್ದೆ. ನೀವು ಹೇಳಲೇ ಇಲ್ಲ.

ನಿಮ್ಮ ಸೊಸೆ

*

ಏಪ್ರಿಲ್ 26

ಸೊಸೆಗೆ,

ನೀನು ಅಲ್ಲಿರುವುದು, ಇಲ್ಲಿರುವುದು ನಿನ್ನ ಇಷ್ಟ. ನಾನು ಗೂಡಿನ ವಿಷಯ ಮಾತ್ರ ಬರೆಯುತ್ತೇನೆ.

ಕಲ್ಲು ಕಿತ್ತೆವು, ಮಣ್ಣು ತೆಗೆದೆವು, ಅಂಚು ಬಿಡಿಸಿ ಹೊರಕ್ಕೆ ಹಾಸಿದೆವು. ಈ ಸಲ ನಿನ್ನ ಗಂಡನೇ ಮಣ್ಣು ಹೊತ್ತ. ಭರ್ಜಿಗಳನ್ನೂ ಕತ್ತರಿಸಿ ತೆಗೆದ. "ಇದನ್ನ ಯಾಕೆ ಹಾಕಿದೆ ಅಂತ ಈಗ ನಂಗೇ ಗೊತ್ತಾಗ್ತಿಲ್ಲ" ಅಂದ. ಆಮೇಲೆ ಒಂದು ದಿನ ನೋಡಿದರೆ ಬುಡದಲ್ಲಿ ಎರಡು ಕಡೆ ಉಗುರಿನ ಗೆರೆ ಬಿದ್ದಿತ್ತು, ಅಲ್ಲೇ ನಿಂತಿತ್ತು. ನೀನು ಹೇಳಿದ್ದು ಸರಿ. ಹಿಂದಕ್ಕೆ ಸರಿದು ತೋಡುವ ಬುದ್ಧಿ ಅದಕ್ಕಿಲ್ಲ.

ಸಂದಿಯ ವಿಷಯ. ಮೊದಲ ಸಲ ನೀನು ಕೇಳಿದಾಗಲೇ ಹೋಗಿ ನೋಡಿದ್ದೆ. ನಾಲ್ಕು ಬೆರಳು ಇತ್ತು. ನೆಲ ಏರುಪೇರು, ಬಾಗಿಲು ತಾಗದೆ ತಿರುಗಲಿ ಅಂತ ಇವನು ಬಿಟ್ಟದ್ದು. ಮಗನಿಗೆ ಹೇಳಿದೆ. "ಮಾಡ್ತೀನಮ್ಮಾ" ಅಂದ. ಅವನು ಮಾಡಿದ ಮೇಲೆ ಬರೆಯೋಣ ಅಂತ, ದಿನಾ ಸಂದಿಗೆ ಇಟ್ಟಿಗೆ ಅಡ್ಡ ಇಟ್ಟುಕೊಂಡು ನಾನು ಕಾದೆ. ಕಾದದ್ದೇ ಬಂತು.

ಮೊನ್ನೆ ಸಂಜೆ ಕೋಳಿಗಳು ಒಳಗೆ ಹೋದವು. ಬಾಗಿಲು ಹಾಕಿ, ಚಿಲಕ ಸಿಗಿಸಿ, ಎಂದಿನಂತೆ ಸಂದಿಗೆ ಇಟ್ಟಿಗೆ ಅಡ್ಡ ಇಟ್ಟು, ಕೈಕಾಲು ತೊಳೆದು ಬಂದು ಪ್ರಾರ್ಥನೆಗೆ ಕೂತೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅರ್ಧ ಆಗಿತ್ತು. ಗೋಡೆಯ ಆಚೆ ಇಟ್ಟಿಗೆ ಜರುಗಿದ ಸದ್ದು. ಆಮೇಲೆ ಟೀಚರಮ್ಮ ಕೂಗಿತು.

ನಾನು ದನಿ ಏರಿಸಿದೆ. ಅಭ್ಯಾಸ. ಅದೂ ದನಿ ಏರಿಸಿತು.

ನಾಲಿಗೆಯ ಮೇಲೆ ಒಂದು ಸಾಲು ಅರ್ಧಕ್ಕೆ ಇತ್ತು. ಉಳಿದರ್ಧ ಎಲ್ಲಿ ಬಿತ್ತೋ ಗೊತ್ತಿಲ್ಲ. ಹಿತ್ತಲಿಗೆ ಬಂದಾಗ ನೋಡಿಕೊಂಡರೆ ನಾನು ಕೂತಿದ್ದ ಮಣೆ ನನ್ನ ಕೈಯಲ್ಲೇ ಇತ್ತು. ಮುಂಗುಸಿಯ ಮುಂಭಾಗ ಬಾಗಿಲೊಳಗೆ, ಹಿಂಭಾಗ ಹೊರಗೆ. ಎತ್ತಿ ಹಾಕಿದೆ. ಅದಕ್ಕೆ ತಾಗಲಿಲ್ಲ, ಬಾಗಿಲ ಕಬ್ಬಿಣಕ್ಕೆ ತಾಗಿ ಮಣೆಯ ಒಂದು ತುದಿ ಸೀಳಿತು. ಆದರೆ ಆ ಸದ್ದಿಗೆ ಬೇಕರಿಯವನೂ ಬೀದಿಗೆ ಬಂದ, ಮುಂಗುಸಿಯೂ ಗೋಡೆ ಹಾರಿತು. ನನ್ನ ಬಾಯಿಂದ ಬಂದ ಬೈಗುಳ ದೇವರಿಗೂ ಕೇಳಿಸಿರಬೇಕು, ಅಷ್ಟು ಜೋರಾಗಿ ಬೈದೆ.

ಒಳಗೆ ಕುಂಟಿ ಮೂಲೆಯಲ್ಲಿತ್ತು, ಬಾಲದ ಪುಕ್ಕ ಹೋಗಿದೆ. ಅದರ ಮುಂದೆ ಟೀಚರಮ್ಮ ಎರಡೂ ರೆಕ್ಕೆ ಹರಡಿಕೊಂಡು ನಿಂತಿತ್ತು. ನನ್ನನ್ನೂ ಹತ್ತಿರ ಬಿಡಲಿಲ್ಲ, ಕೈಗೆ ಕುಕ್ಕಿತು. ಕುಕ್ಕಲಿ ಅಂತ ಬಿಟ್ಟೆ.

ಆಮೇಲೆ ಹೋಗಿ ಕೂತೆ. ಎಲ್ಲಿಗೆ ನಿಲ್ಲಿಸಿದ್ದೆ ಅಂತ ನೆನಪಾಗಲಿಲ್ಲ. ಮೊದಲಿನಿಂದ ಶುರು ಮಾಡಿದೆ. ಮಗ ಕೆಲಸದಿಂದ ಬಂದು, "ಅಮ್ಮಾ, ಇನ್ನೂ ಮುಗೀಲಿಲ್ವಾ?" ಅಂದ. ಮುಗಿದಿಲ್ಲ ಅಂತ ಕೈಸನ್ನೆ ಮಾಡಿದೆ. ದೇವರು ಏನೂ ಅನ್ನಲಿಲ್ಲ. ಅನ್ನುತ್ತಾನೆ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ.

ಬಾಗಿಲಿಗೆ ಈಗ ಹೊಸ್ತಿಲು ಹಾಕಿದ್ದೇನೆ. ನಾನೇ ನಿಂತು ಹಾಕಿಸಿದೆ, ಇವನ ಭಾನುವಾರಕ್ಕೆ ಕಾಯಲಿಲ್ಲ. ಹಳೇ ಮರ, ಗಟ್ಟಿ ಮರ, ಅಳತೆಗೆ ಸರಿಯಾಗಿ ಕೂತಿದೆ. ಸಂದಿಯಲ್ಲಿ ಈಗ ಕಾಗದವೂ ತೂರುವುದಿಲ್ಲ. ಮರ ಎಲ್ಲಿಯದು ಅಂತ ಕೇಳಬೇಡ. ಮನೆಯಲ್ಲಿತ್ತು, ಹಾಕಿದೆ.

ಬಾಗಿಲ ಕೆಳಗೆ ಸಂದಿ ಇಲ್ಲ. ಕೇಳಿದ್ದೆಯಲ್ಲ, ಹೇಳಿದ್ದೇನೆ.

ನಿನ್ನ ಅತ್ತೆ

*

ಮೇ 5

ಅತ್ತೆಯವರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಅಕ್ಕನಿಗೆ ಓದಲು ಕೊಡಲಿಲ್ಲ.

ಹೊಸ್ತಿಲಿನ ಮರ ಯಾವುದು ಅಂತ ನಾನು ಕೇಳಲಿಲ್ಲ. ನಿಮ್ಮ ಮಗ ಕೇಳದೇ ಫೋನಿನಲ್ಲಿ ಹೇಳಿದರು. ನಿಮ್ಮ ಅಮ್ಮ ಕೂರುತ್ತಿದ್ದ ಮಣೆಯಂತೆ. ಈಗ ನೀವು ಬರೀ ನೆಲದ ಮೇಲೆ ಕೂತು, ಏಳುವಾಗ ಗೋಡೆ ಹಿಡಿದುಕೊಳ್ಳುತ್ತೀರಂತೆ. ಹೀಗೆಲ್ಲ ಮಾಡಿ ಅಂತ ನಾನು ಎಲ್ಲಿ ಬರೆದಿದ್ದೆ? ಅಷ್ಟಗಲದ ಒಂದು ಹಲಗೆಗೆ ಊರಿನಲ್ಲಿ ಗತಿ ಇರಲಿಲ್ಲವೇ? ನೀವು ಯಾವುದನ್ನೂ ಅರ್ಧಕ್ಕೆ ನಿಲ್ಲಿಸುವವರಲ್ಲ.

ಅಂಗಡಿಯಲ್ಲಿ ಉಳಿದ ದಪ್ಪ ಬಟ್ಟೆಯಲ್ಲಿ ಒಂದು ಕೂರುವ ದಿಂಬು ಹೊಲಿದಿದ್ದೇನೆ. ಒಳಗೆ ಹತ್ತಿ ಒತ್ತಿ ತುಂಬಿದ್ದೇನೆ, ಬೇಗ ಕುಸಿಯುವುದಿಲ್ಲ. ಅಂಚನ್ನು ಒಳಕ್ಕೇ ಮಡಚಿದ್ದೇನೆ. ಪೋಸ್ಟಿನಲ್ಲಿ ಕಳಿಸಿದರೆ ಆಕಾರ ಕೆಡುತ್ತದೆ. ಅದಕ್ಕೆ ನಾನೇ ತರುತ್ತೇನೆ.

ಎರಡನೇ ಮೆಷಿನ್ನಿಗೆ ಅಕ್ಕ ಬೇರೆಯವರನ್ನು ಹುಡುಕಿಕೊಳ್ಳುತ್ತಾಳೆ.

ಶನಿವಾರದ ಬಸ್ಸು ಮುಟ್ಟುವುದು ಸಂಜೆಗೆ. ನಿಮ್ಮ ಪ್ರಾರ್ಥನೆಯ ಹೊತ್ತು. ನೀವು ಮುಗಿಸಿಕೊಳ್ಳಿ, ಅವಸರ ಬೇಡ. ನಾನು ಹಿತ್ತಲಿಗೆ ಹೋಗಿ ಗೂಡಿನ ಹತ್ತಿರ ಕೂತಿರುತ್ತೇನೆ.

ನಿಮ್ಮ ಸೊಸೆ

*

ಮೇ 8

ನನ್ನ ಸೊಸೆಗೆ,

ಬೇಗ ತಲುಪಲಿ ಅಂತ ಈ ಕಾಗದವನ್ನು ನಿನ್ನ ಅಕ್ಕನ ಊರ ಕಡೆ ಹೊರಟಿದ್ದ ಬೇಕರಿಯವನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನು ದಾರಿಯಲ್ಲಿ ಓದುತ್ತಾನೆ, ಓದಲಿ.

ದಿಂಬು ಬಿಳಿಯದಾದರೆ ಈಗಲೇ ಮೇಲೆ ಒಂದು ಗವಸು ಹೊಲಿದುಕೊಂಡು ಬಾ. ಕುಂಟಿಗೆ ಬಾಲದ ಪುಕ್ಕ ಮತ್ತೆ ಬರುತ್ತಿದೆ. ಗೂಡಿನಿಂದ ಹೊರಗೆ ಬಿಟ್ಟರೆ ಸೀದಾ ಪ್ರಾರ್ಥನೆ ಕೋಣೆಗೆ ಬಂದು ನನ್ನ ಪಕ್ಕ ಕೂರುತ್ತದೆ, ಎಷ್ಟು ಅಟ್ಟಿದರೂ ಹೋಗುವುದಿಲ್ಲ. ನಿನ್ನ ಕೋಳಿಗಳಿಗೆ ಮಾತು ಕೇಳುವುದನ್ನು ಯಾರೂ ಕಲಿಸಿಲ್ಲ. ನಿನ್ನ ಮಾವ ಗೂಡಿನ ಬೀಗದ ಕೈ ಮತ್ತೆ ಗೋದಾಮಿಗೆ ತೆಗೆದುಕೊಂಡು ಹೋಗಿದ್ದರು. ಬೀಗವನ್ನೇ ಬಾವಿಗೆ ಹಾಕಿದೆ. ಚಿಲಕ ಸಾಕು.

ನನ್ನ ಮನೆಗೆ ಬಂದವಳು ಹಿತ್ತಲಲ್ಲಿ ಕೋಳಿಗಳ ಜೊತೆ ಯಾಕೆ ಕೂರಬೇಕು? ಬೀದಿಯವರು ನೋಡಿದರೆ ಏನಂದುಕೊಳ್ಳುತ್ತಾರೆ? ಮುಂಬಾಗಿಲಿಗೆ ಬಾ.

ತಟ್ಟು. ಏಳುತ್ತೇನೆ.

ಅತ್ತೆ